ಜಾಹೀರಾತಿಗೆ ಲೋಗೋ ಇಲ್ಲ, ಸಿನಿಮಾಕ್ಕೆ ಮಾತ್ರ ಇದೆ: ಒಂದು ಎಚ್‌ಡಿ ಸಿನಿಮಾ ಚಾನೆಲ್‌ನ ವಿಮರ್ಶೆ

ಈ ಚಾನೆಲ್ ಬಗ್ಗೆ ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಸಿನಿಮಾಗಳ ಆಯ್ಕೆ ಚೆನ್ನಾಗಿದೆ. ರಾತ್ರಿ ಹೊತ್ತು ಕಪ್ಪು ಬಿಳುಪಿನ ಹಳೆಯ ಚಿತ್ರಗಳನ್ನೂ ಹಾಕುತ್ತಾರೆ, ಅದೂ ಒಳ್ಳೆಯ ಪ್ರಿಂಟ್‌ನಲ್ಲಿ. ಅಗಲ ಪರದೆಯ ಚಿತ್ರವನ್ನು ಎರಡೂ ಪಕ್ಕ ಕತ್ತರಿಸಿ ಟಿವಿ ತುಂಬಿಸುವ ಕೆಟ್ಟ ಚಾಳಿ ಇವರಿಗಿಲ್ಲ. ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಟ್ಟು ಪೂರ್ತಿ ಫ್ರೇಮನ್ನೇ ತೋರಿಸುತ್ತಾರೆ. ಸಬ್‌ಟೈಟಲ್ ಇದೆ. ಹೇಳಿದ ಸಮಯಕ್ಕೆ ಸಿನಿಮಾ ಶುರುವಾಗುತ್ತದೆ. ಇಷ್ಟೆಲ್ಲ ಇದ್ದರೂ ನಾನು ಇದಕ್ಕೆ ಐದರಲ್ಲಿ ಎರಡೇ ಸ್ಟಾರ್ ಕೊಡುತ್ತಿದ್ದೇನೆ. ಮುಖ್ಯ ಕಾರಣ ಪರದೆಯ ಬಲಗಡೆಯ ಮೇಲಿನ ಮೂಲೆ.

ಆ ಮೂಲೆಯಲ್ಲಿ ಚಾನೆಲ್‌ನ ಲೋಗೋ ಕೂತಿದೆ. ಕೆಂಪು ಬಣ್ಣ, ಸುತ್ತ ಬಿಳಿ ಅಂಚು, ಕೆಳಗೆ ‘ಎಚ್‌ಡಿ’ ಅಂತ ಇನ್ನೆರಡು ಅಕ್ಷರ. ಹಿಂದಿನ ಚಿತ್ರ ಸ್ವಲ್ಪವೂ ಕಾಣದ ಗಟ್ಟಿ ಬಣ್ಣ. ಸಿನಿಮಾ ಶುರುವಾದಾಗ ಬರುತ್ತದೆ, ಮುಗಿಯುವ ತನಕ ಹೋಗುವುದಿಲ್ಲ.

ನಾನು ವಿಡಿಯೋ ಎಡಿಟಿಂಗ್ ಕೆಲಸ ಮಾಡುವವನು. ಫ್ರೇಮ್‌ನ ಮೂಲೆ ಎಂದರೆ ನನಗೆ ಖಾಲಿ ಜಾಗವಲ್ಲ. ಕ್ಯಾಮೆರಾ ಹಿಡಿದವರು ಎಲ್ಲಿ ಬೆಳಕು ಇರಬೇಕು, ಎಲ್ಲಿ ಕತ್ತಲೆ ಇರಬೇಕು ಎಂದು ಯೋಚಿಸಿಯೇ ಆ ಮೂಲೆಯನ್ನು ಬಿಟ್ಟಿರುತ್ತಾರೆ. ಆಮೇಲೆ ಬಣ್ಣ ತಿದ್ದುವವರು ಅಲ್ಲಿನ ಕಪ್ಪು ಎಷ್ಟು ಕಪ್ಪಾಗಿರಬೇಕು ಎಂದು ಗಂಟೆಗಟ್ಟಲೆ ಕೂತು ನೋಡಿರುತ್ತಾರೆ. ರಾತ್ರಿಯ ದೃಶ್ಯ, ಒಬ್ಬಳೇ ಹೆಂಗಸು ಕಿಟಕಿ ಪಕ್ಕ ನಿಂತಿದ್ದಾಳೆ, ಅವಳ ಮುಖದ ಮೇಲೆ ಮಾತ್ರ ಸ್ವಲ್ಪ ಬೆಳಕು. ನಮ್ಮ ಕಣ್ಣು ಆ ಮುಖಕ್ಕೆ ಹೋಗಬೇಕು. ಆದರೆ ಇಡೀ ಪರದೆಯಲ್ಲಿ ಅತಿ ಜಾಸ್ತಿ ಬೆಳಗುವುದು ಮೂಲೆಯ ಕೆಂಪು ಲೋಗೋ. ಕಣ್ಣಲ್ಲಿ ಕಸ ಬಿದ್ದ ಹಾಗೆ. ಮರೆಯೋಣ ಎಂದರೂ ಮರೆಯಲು ಬಿಡುವುದಿಲ್ಲ.

ಅಗಲ ಪರದೆಯ ಚಿತ್ರಗಳಲ್ಲಿ ಇದು ಇನ್ನೂ ಕೆಟ್ಟದಾಗಿ ಕಾಣುತ್ತದೆ. ನಮ್ಮ ಟಿವಿಗಳ ಅಗಲ-ಎತ್ತರದ ಅಳತೆ 16:9. ಬಹಳಷ್ಟು ಸಿನಿಮಾಗಳ ಅಳತೆ 2.39:1, ಅಂದರೆ ಟಿವಿಗಿಂತ ಅಗಲ. 1080 ಸಾಲುಗಳ ಪರದೆಯಲ್ಲಿ ಅಂಥ ಸಿನಿಮಾಕ್ಕೆ ಸಿಗುವುದು ಸುಮಾರು 800 ಸಾಲು. ಉಳಿದದ್ದು ಮೇಲೊಂದು, ಕೆಳಗೊಂದು ಕಪ್ಪು ಪಟ್ಟಿ. ಈ ಚಾನೆಲ್‌ನ ಲೋಗೋದ ಮೇಲಿನ ಅರ್ಧ ಕಪ್ಪು ಪಟ್ಟಿಯ ಮೇಲೆ, ಕೆಳಗಿನ ಅರ್ಧ ಸಿನಿಮಾದ ಮೇಲೆ. ಹೀಗಾಗಿ ಸಿನಿಮಾದ ಅಂಚೇ ಒಡೆದುಹೋಗುತ್ತದೆ. ಕಪ್ಪು ಪಟ್ಟಿ ಇರುವುದೇ ನಾವು ಅದನ್ನು ಮರೆತು ಚಿತ್ರ ನೋಡಲಿ ಎಂದು. ಇಲ್ಲಿ ಮರೆಯುವ ಹಾಗೇ ಇಲ್ಲ.

ಈಗ ಬ್ರೇಕ್ ಬರುತ್ತದೆ. ಲೋಗೋ ಮಾಯ!

ಇದನ್ನು ನೀವೂ ಒಮ್ಮೆ ಗಮನಿಸಿ ನೋಡಿ. ಸೋಪಿನ ಜಾಹೀರಾತು ಬಂದಾಗ ಮೂಲೆ ಶುಭ್ರವಾಗಿರುತ್ತದೆ. ಕಾರಿನ ಜಾಹೀರಾತಿನ ಆಕಾಶ ಪೂರ್ತಿ ನೀಲಿಯಾಗಿರುತ್ತದೆ. ಬ್ರೇಕ್ ಮುಗಿದು ಸಿನಿಮಾ ಬಂದ ಕೂಡಲೇ ಲೋಗೋ ಮತ್ತೆ ಹಾಜರು. ಇದೊಂದೇ ಚಾನೆಲ್ ಅಲ್ಲ, ಬೇರೆ ದೇಶಗಳಲ್ಲೂ ಎಷ್ಟೋ ಚಾನೆಲ್‌ಗಳು ಹೀಗೇ ಮಾಡುತ್ತವೆ. ಎಷ್ಟರ ಮಟ್ಟಿಗೆ ಎಂದರೆ, ರೆಕಾರ್ಡ್ ಮಾಡಿದ ಕಾರ್ಯಕ್ರಮದಿಂದ ಜಾಹೀರಾತು ಹುಡುಕಿ ತೆಗೆಯುವ ಕಾಮ್‌ಸ್ಕಿಪ್, ಮಿಥ್‌ಟಿವಿ ಥರದ ಸಾಫ್ಟ್‌ವೇರ್‌ಗಳು ಇದನ್ನೇ ಒಂದು ಗುರುತಾಗಿ ಬಳಸುತ್ತವೆ. ಲೋಗೋ ಇದ್ದರೆ ಕಾರ್ಯಕ್ರಮ, ಇಲ್ಲದಿದ್ದರೆ ಜಾಹೀರಾತು.

ನಾನು ಚಾನೆಲ್‌ಗೆ ಬರೆದೆ. ಸಿನಿಮಾ ನಡೆಯುವಾಗ ಲೋಗೋ ತೆಗೆಯಿರಿ, ಇಲ್ಲವೇ ಮಸುಕು ಮಾಡಿ ಎಂದು ಕೇಳಿದೆ. ‘ಲೋಗೋ ನಮ್ಮ ಪ್ರಸಾರದ ಭಾಗ, ಅದನ್ನು ತೆಗೆಯಲು ಸಾಧ್ಯವಿಲ್ಲ’ ಎಂದು ಉತ್ತರ ಬಂತು. ಇದು ಸರಿಯಾದ ಉತ್ತರ ಅಲ್ಲ. ಲೋಗೋ ಸಿನಿಮಾದ ಫೈಲಿನಲ್ಲಿ ಇರುವುದಿಲ್ಲ. ಪ್ರಸಾರ ಆಗುವ ಹೊತ್ತಿನಲ್ಲಿ, ಕೊನೆಯ ಹಂತದಲ್ಲಿ, ಚಿತ್ರದ ಮೇಲೆ ಅದನ್ನು ಹೇರುತ್ತಾರೆ. ಪ್ರಸಾರವನ್ನು ನಡೆಸುವ ಪ್ಲೇಔಟ್ ಕಂಪ್ಯೂಟರಿನಲ್ಲಿ ಇಡೀ ದಿನದ ಪಟ್ಟಿ ಇರುತ್ತದೆ: ಇಷ್ಟು ಹೊತ್ತಿಗೆ ಈ ಸಿನಿಮಾ, ಇಷ್ಟು ಹೊತ್ತಿಗೆ ಈ ಜಾಹೀರಾತು. ಪ್ರತಿ ಸಾಲಿನ ಜೊತೆಗೆ ಸಣ್ಣ ಆದೇಶಗಳು ಇರುತ್ತವೆ. ಇಲ್ಲಿ ಲೋಗೋ ಹಾಕು, ಇಲ್ಲಿ ತೆಗೆ, ಇಲ್ಲಿ ಕೆಳಗಿನ ಬ್ಯಾನರ್ ಬಿಡು. ಅಷ್ಟೇ. ಪ್ರತಿ ಬ್ರೇಕ್‌ನಲ್ಲೂ ಆ ‘ತೆಗೆ’ ಆದೇಶ ತಪ್ಪದೆ ನಡೆಯುತ್ತಿದೆ. ಹಾಗಾದರೆ ಸಾಧ್ಯ ಇದೆ ಅಲ್ವಾ? ಜಾಹೀರಾತು ಕೊಟ್ಟವರು ತಮ್ಮ ಚಿತ್ರದ ಮೇಲೆ ಇನ್ನೊಬ್ಬರ ಗುರುತು ಬೇಡ ಎನ್ನುತ್ತಾರೆ, ಚಾನೆಲ್ ಅವರ ಮಾತು ಕೇಳುತ್ತದೆ. ಮೂವತ್ತು ಸೆಕೆಂಡಿನ ಸೋಪಿನ ಚಿತ್ರಕ್ಕೆ ಸಿಗುವ ಮರ್ಯಾದೆ, ನೂರಾರು ಜನ ವರ್ಷಗಟ್ಟಲೆ ದುಡಿದು ಮಾಡಿದ ಸಿನಿಮಾಕ್ಕೂ ಸಿಗಬೇಕು. ನಾನು ಕೇಳುತ್ತಿರುವುದು ಇಷ್ಟೇ.

ಲೋಗೋ ಯಾಕೆ ಬೇಕು ಎಂಬುದಕ್ಕೆ ಚಾನೆಲ್‌ಗಳು ಕೊಡುವ ಕಾರಣಗಳು ನನಗೆ ಗೊತ್ತು. ಮೊದಲನೆಯದು, ಯಾವ ಚಾನೆಲ್ ಅಂತ ನೋಡುಗರಿಗೆ ತಿಳಿಯಬೇಕು. ಚಾನೆಲ್ ಬದಲಿಸಿದ ಕೂಡಲೇ ಸೆಟ್‌ಟಾಪ್ ಬಾಕ್ಸ್ ಪರದೆಯ ಕೆಳಗೆ ಚಾನೆಲ್ ಹೆಸರು, ಕಾರ್ಯಕ್ರಮದ ಹೆಸರು, ಮುಗಿಯುವ ಸಮಯ ಎಲ್ಲ ತೋರಿಸುತ್ತದೆ. ಮರೆತರೆ ರಿಮೋಟಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು. ಎರಡನೆಯದು, ವೀಕ್ಷಕರ ಲೆಕ್ಕ. ಹಿಂದೆ ಜನರು ತಾವು ನೋಡಿದ್ದನ್ನು ಡೈರಿಯಲ್ಲಿ ಬರೆದು ಕೊಡುತ್ತಿದ್ದ ಕಾಲದಲ್ಲಿ ಹೆಸರು ನೆನಪಿರುವುದು ಮುಖ್ಯವಾಗಿತ್ತು. ಈಗ ಭಾರತದಲ್ಲಿ ಟಿವಿ ವೀಕ್ಷಕರನ್ನು ಎಣಿಸುವ ಬಾರ್ಕ್ ಸಂಸ್ಥೆ ಮಾಡುವ ಲೆಕ್ಕಕ್ಕೆ ಧ್ವನಿಯಲ್ಲಿ ಅಡಗಿಸಿಟ್ಟ ಗುರುತು ಬಳಸುತ್ತಾರೆ. ಅದು ನಮ್ಮ ಕಿವಿಗೆ ಕೇಳುವುದಿಲ್ಲ, ಮೀಟರಿಗೆ ಕೇಳುತ್ತದೆ. ಲೋಗೋ ಇದ್ದರೂ ಇಲ್ಲದಿದ್ದರೂ ಆ ಮೀಟರಿಗೆ ಏನೂ ವ್ಯತ್ಯಾಸ ಇಲ್ಲ.

ಮೂರನೆಯದು ಸಿನಿಮಾ ಕಳ್ಳತನ. ಇದನ್ನು ಎಲ್ಲರೂ ದೊಡ್ಡ ದನಿಯಲ್ಲಿ ಹೇಳುತ್ತಾರೆ. ಆದರೆ ಕದಿಯುವವರನ್ನು ಮೂಲೆಯ ಲೋಗೋ ಎಂದೂ ತಡೆದಿಲ್ಲ. ಎಫ್‌ಎಫ್‌ಎಂಪೆಗ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ‘ಡಿಲೋಗೋ’ ಎಂಬ ಫಿಲ್ಟರೇ ಇದೆ. ಲೋಗೋ ಎಲ್ಲಿದೆ, ಎಷ್ಟು ಅಗಲ, ಎಷ್ಟು ಎತ್ತರ ಎಂದು ಹೇಳಿದರೆ ಸುತ್ತಲಿನ ಬಣ್ಣ ಸೇರಿಸಿ ಅಳಿಸಿಬಿಡುತ್ತದೆ. ಯಾರು ಕದ್ದರು ಎಂದು ಪತ್ತೆ ಹಚ್ಚಬೇಕಿದ್ದರೆ ಚಿತ್ರದೊಳಗೆ ಕಣ್ಣಿಗೆ ಕಾಣದ ಗುರುತು, ಅಂದರೆ ವಾಟರ್‌ಮಾರ್ಕ್, ಹಾಕುವ ತಂತ್ರ ಇದೆ, ಸ್ಟುಡಿಯೋಗಳು ಅದನ್ನು ಬಳಸುತ್ತವೆ ಕೂಡ. ಕೊನೆಗೆ ಕಳ್ಳನ ಪರದೆಯಲ್ಲಿ ಲೋಗೋ ಇರುವುದಿಲ್ಲ, ಹಣ ಕೊಟ್ಟು ನೋಡುವ ನಮ್ಮ ಪರದೆಯಲ್ಲಿ ಇರುತ್ತದೆ.

ಸುದ್ದಿ ಚಾನೆಲ್‌ಗಳ ವಿಷಯ ಬೇರೆ, ಅದನ್ನು ನಾನು ಒಪ್ಪುತ್ತೇನೆ. ಸುದ್ದಿಯ ತುಣುಕುಗಳು ಕೈಯಿಂದ ಕೈಗೆ ಹೋಗುತ್ತವೆ. ಯಾರು ಹೇಳಿದ್ದು ಎಂದು ತಿಳಿಯಲು ಅಲ್ಲಿ ಗುರುತು ಬೇಕೇ ಬೇಕು. ಕ್ರಿಕೆಟ್‌ನಲ್ಲಿ ಸ್ಕೋರ್ ಪಟ್ಟಿ ಇಲ್ಲದೆ ನಡೆಯುವುದಿಲ್ಲ. ಸಿನಿಮಾಕ್ಕೆ ಈ ಯಾವ ಕಾರಣವೂ ಇಲ್ಲ.

ಇನ್ನು ಕೆಳಗಿನ ಬ್ಯಾನರ್‌ಗಳು. ಲೋಗೋ ಕಿರಿಕಿರಿ ಮಾತ್ರ, ಇವು ಅನ್ಯಾಯ. ನಮ್ಮ ಮನೆಯಲ್ಲಿ ಅಪ್ಪನಿಗೆ ಕಿವಿ ಮಂದ. ಮಾತು ಕೇಳಿದರೂ ಪದ ತಿಳಿಯುವುದಿಲ್ಲ. ಸಬ್‌ಟೈಟಲ್ ಬಂದ ಮೇಲೆ ಅವರು ಮತ್ತೆ ಸಿನಿಮಾ ನೋಡಲು ಶುರು ಮಾಡಿದರು, ಅದಕ್ಕೇ ನಾನು ಈ ಚಾನೆಲ್ ಹಾಕಿಸಿದ್ದು. ಈ ಚಾನೆಲ್‌ನಲ್ಲಿ ಸಬ್‌ಟೈಟಲ್ ಚಿತ್ರಕ್ಕೇ ಅಂಟಿಕೊಂಡು ಬರುತ್ತದೆ. ಬ್ಯಾನರ್ ಅದರ ಮೇಲೆ ಕೂರುತ್ತದೆ. ‘ಈ ಭಾನುವಾರ ರಾತ್ರಿ ಎಂಟಕ್ಕೆ’ ಎಂದು ಒಬ್ಬ ನಾಯಕ ಕೆಳಗಿನಿಂದ ಎದ್ದು ಬಂದು, ಕೈ ಬೀಸಿ, ಎಡಗಡೆಗೆ ನಡೆದುಹೋಗುತ್ತಾನೆ. ಆ ಹೊತ್ತಿನಲ್ಲಿ ಮಾತಿನ ಎರಡು ಸಾಲು ಪೂರ್ತಿ ಮುಚ್ಚಿಹೋಗುತ್ತದೆ.

‘ಅವನು ಏನಂದ?’ ಎಂದು ಅಪ್ಪ ಕೇಳುತ್ತಾರೆ. ನಾನು ಜೋರಾಗಿ ಹೇಳುವಷ್ಟರಲ್ಲಿ ಮುಂದಿನ ಮಾತು ಬಂದಿರುತ್ತದೆ. ‘ಹೋಗಲಿ ಬಿಡು’ ಎನ್ನುತ್ತಾರೆ. ಸಿನಿಮಾದ ಗುಟ್ಟು ಬಯಲಾಗುವ ಮಾತೇ ಹೀಗೆ ಹೋದದ್ದೂ ಉಂಟು. ಕಿವಿ ಚೆನ್ನಾಗಿರುವವರಿಗೆ ಬ್ಯಾನರ್ ಬಂದರೂ ಮಾತು ಕೇಳಿಸುತ್ತದೆ. ಅಪ್ಪನಂಥವರಿಗೆ ಅಷ್ಟು ಭಾಗ ಸಿನಿಮಾವೇ ನಿಂತುಹೋಗುತ್ತದೆ. ಸಬ್‌ಟೈಟಲ್ ಇರುವ ಜಾಗ ಯಾವುದು ಎಂದು ಬ್ಯಾನರ್ ಮಾಡಿದವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಬ್ಯಾನರನ್ನು ಮೇಲಕ್ಕೆ ಹಾಕಲು ಒಂದು ಪೈಸೆ ಖರ್ಚಿಲ್ಲ.

ಜನ ಜೋರಾಗಿ ಹೇಳಿದರೆ ಚಾನೆಲ್‌ಗಳು ಕೇಳಿಸಿಕೊಳ್ಳುವುದೂ ಉಂಟು. 2010ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಬಿಬಿಸಿ ಒನ್ ಚಾನೆಲ್‌ನಲ್ಲಿ ‘ಡಾಕ್ಟರ್ ಹೂ’ ಸರಣಿಯ ಒಂದು ಕಂತು ನಡೆಯುತ್ತಿತ್ತು. ಕಂತು ಮುಗಿಯುವ ಅತ್ಯಂತ ಬಿಗಿಯಾದ ಘಳಿಗೆಯಲ್ಲಿ, ನಾಯಕ ಮಾತಾಡುತ್ತಿರುವಾಗಲೇ, ಮುಂದಿನ ಕಾರ್ಯಕ್ರಮದ ಪ್ರಚಾರಕ್ಕೆ ನಿರೂಪಕ ಗ್ರಹಾಮ್ ನಾರ್ಟನ್ ಅವರ ಕಾರ್ಟೂನ್ ಪರದೆಯ ಮೇಲೆ ಬಂತು. ಐದು ಸಾವಿರಕ್ಕೂ ಹೆಚ್ಚು ದೂರುಗಳು ಹೋದವು. ಬಿಬಿಸಿ ಕ್ಷಮೆ ಕೇಳಿತು. ಅದೇ ಬಿಬಿಸಿ ಒನ್‌ನಲ್ಲಿ ಮೂಲೆಯ ಲೋಗೋ ಇಲ್ಲದೆಯೇ ನಾಟಕಗಳೂ ಸಿನಿಮಾಗಳೂ ಪ್ರಸಾರವಾಗುತ್ತವೆ. ಅದು ಯಾವ ಚಾನೆಲ್ ಎಂದು ಗೊತ್ತಾಗದೆ ಯಾರೂ ಕಂಗಾಲಾಗಿಲ್ಲ.

ನಮ್ಮ ಚಾನೆಲ್ ಬ್ಯಾನರ್‌ಗೇ ನಿಲ್ಲುವುದಿಲ್ಲ. ಎಲ್ ಬ್ಯಾಂಡ್ ಕೂಡ ಹಾಕುತ್ತದೆ. ಇಡೀ ಸಿನಿಮಾವನ್ನು ಕುಗ್ಗಿಸಿ ಒಂದು ಮೂಲೆಗೆ ತಳ್ಳಿ, ಉಳಿದ ಪಕ್ಕದಲ್ಲೂ ಕೆಳಗೂ ಜಾಹೀರಾತು. ಸಿನಿಮಾ ಮುಗಿದು ಹೆಸರುಗಳು ಬರುವಾಗಲೂ ಇದೇ ಕತೆ. ಹೆಸರುಗಳು ಓದಲಾಗದಷ್ಟು ಸಣ್ಣದಾಗಿ ಒಂದು ಪಕ್ಕಕ್ಕೆ ಹೋಗುತ್ತವೆ, ದೊಡ್ಡ ಜಾಗದಲ್ಲಿ ನಾಳೆಯ ಸಿನಿಮಾದ ಪ್ರಚಾರ. ಇದು ನನ್ನ ಮನಸ್ಸಿಗೆ ತುಂಬಾ ನೋವು ಮಾಡುತ್ತದೆ. ಸಹಾಯಕ ಎಡಿಟರ್, ಲೈಟ್ ಬಾಯ್, ಸೌಂಡ್ ಮಾಡಿದವರು, ಇವರ ಹೆಸರು ಪರದೆಯ ಮೇಲೆ ಬರುವುದು ಆ ಒಂದು ಜಾಗದಲ್ಲಿ ಮಾತ್ರ. ಅವರ ಮನೆಯವರು ಅದನ್ನು ನೋಡಲೆಂದೇ ಕಾದು ಕೂತಿರುತ್ತಾರೆ.

ಭಾರತದಲ್ಲಿ ಇದಕ್ಕೆ ಒಮ್ಮೆ ಕಡಿವಾಣ ಬೀಳುವ ಹಾಗಿತ್ತು. 2012ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ತಂದ ನಿಯಮಗಳಲ್ಲಿ ಜಾಹೀರಾತು ಪೂರ್ತಿ ಪರದೆಯಲ್ಲೇ ಬರಬೇಕು, ಪರದೆಯ ಒಂದು ಭಾಗದಲ್ಲಿ ಹಾಕುವಂತಿಲ್ಲ ಎಂದಿತ್ತು. ಸಿನಿಮಾದ ಎರಡು ಬ್ರೇಕ್‌ಗಳ ನಡುವೆ ಕನಿಷ್ಠ 30 ನಿಮಿಷ ಇರಬೇಕು ಎಂದೂ ಇತ್ತು. ಮರುವರ್ಷದ ತಿದ್ದುಪಡಿಯಲ್ಲಿ ಇವೆರಡೂ ಹೋದವು, ಗಂಟೆಗೆ 12 ನಿಮಿಷ ಎಂಬ ಮಿತಿ ಮಾತ್ರ ಉಳಿಯಿತು. ಉಳಿಸಿಕೊಳ್ಳಬೇಕಾಗಿದ್ದ ನಿಯಮಗಳನ್ನೇ ಬಿಟ್ಟುಬಿಟ್ಟರು ಎಂದು ನನಗೆ ಅನ್ನಿಸುತ್ತದೆ. ಯುರೋಪಿನ ಒಕ್ಕೂಟದ ನಿಯಮದಲ್ಲಿ ಸಿನಿಮಾವನ್ನು ಪ್ರತಿ 30 ನಿಮಿಷಕ್ಕೆ ಒಮ್ಮೆ ಮಾತ್ರ ತುಂಡು ಮಾಡಬಹುದು ಎಂದು ಈಗಲೂ ಇದೆ.

ಬ್ರೇಕ್‌ನ ಬಗ್ಗೆ ನನಗೆ ಅಷ್ಟು ಸಿಟ್ಟಿಲ್ಲ. ಚಾನೆಲ್ ನಡೆಯಬೇಕಾದರೆ ಜಾಹೀರಾತು ಬೇಕು. ಟಿವಿಯ ಮೊದಲ ಅಧಿಕೃತ ಜಾಹೀರಾತು ಬಂದದ್ದು 1941ರ ಜುಲೈ 1ರಂದು, ನ್ಯೂಯಾರ್ಕ್‌ನ ಡಬ್ಲ್ಯುಎನ್‌ಬಿಟಿ ಎಂಬ ಟಿವಿ ಕೇಂದ್ರದಲ್ಲಿ. ಬುಲೋವಾ ಕಂಪನಿಯ ಗಡಿಯಾರ ಪರದೆಯ ಮೇಲೆ ಕೆಲವು ಸೆಕೆಂಡ್ ಕಾಣಿಸಿತು, ಆಮೇಲೆ ಬೇಸ್‌ಬಾಲ್ ಆಟ ಶುರುವಾಯಿತು. ಆ ಕ್ರಮ ನನಗೆ ಇಷ್ಟ. ಮೊದಲು ಅವರ ಮಾತು, ಆಮೇಲೆ ಆಟ. ಎರಡೂ ಒಂದರ ಮೇಲೊಂದು ಅಲ್ಲ. ಬ್ರೇಕ್ ಬಂದಾಗ ನಾನು ಎದ್ದು ಹೋಗಬಹುದು, ನೀರು ಕುಡಿಯಬಹುದು. ಸಿನಿಮಾದ ಮೇಲೆಯೇ ಜಾಹೀರಾತು ಹಾಕಿದರೆ ಎಲ್ಲಿಗೆ ಹೋಗಲಿ?

ಶಬ್ದದ ಬಗ್ಗೆ ಒಂದು ಮಾತು. ಸಿನಿಮಾದ ಪಿಸುಮಾತು ಕೇಳಲಿ ಎಂದು ವಾಲ್ಯೂಮ್ ಹೆಚ್ಚಿಸಿರುತ್ತೇವೆ, ಬ್ರೇಕ್ ಬಂದ ಕೂಡಲೇ ಕಿವಿ ಗುಂಯ್ ಎನ್ನುತ್ತದೆ. ಅಮೆರಿಕದಲ್ಲಿ ಇದಕ್ಕೆಂದೇ ಕಾಲ್ಮ್ ಆಕ್ಟ್ ಎಂಬ ಕಾನೂನು 2010ರಲ್ಲಿ ಬಂತು, 2012ರ ಡಿಸೆಂಬರ್‌ನಿಂದ ಜಾರಿಯಾಯಿತು. ಯುರೋಪಿನ ಪ್ರಸಾರಕರು ಆರ್128 ಎಂಬ ಅಳತೆಗೋಲು ಮಾಡಿಕೊಂಡು ಎಲ್ಲ ಕಾರ್ಯಕ್ರಮಗಳ ಸರಾಸರಿ ಶಬ್ದವನ್ನು ಒಂದೇ ಮಟ್ಟಕ್ಕೆ ತರುತ್ತಾರೆ. ಈ ಚಾನೆಲ್ ಈ ವಿಷಯದಲ್ಲಿ ಪರವಾಗಿಲ್ಲ. ಬ್ರೇಕ್‌ನ ಶಬ್ದ ಸ್ವಲ್ಪ ಜಾಸ್ತಿ, ಬೆಚ್ಚಿ ಬೀಳುವಷ್ಟಲ್ಲ. ನಾನು ಕೊಟ್ಟ ಎರಡು ಸ್ಟಾರ್‌ಗಳಲ್ಲಿ ಇದರ ಪಾಲೂ ಇದೆ.

ಇನ್ನು ಟಿವಿಗೇ ಆಗುವ ಹಾನಿ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಚೇರಿಯ ಮುಂಬಾಗಿಲ ಹತ್ತಿರ ಒಂದು ಪ್ಲಾಸ್ಮಾ ಟಿವಿ ಇತ್ತು. ದಿನವಿಡೀ ಒಂದೇ ಸುದ್ದಿ ಚಾನೆಲ್. ಬೇರೆ ಚಾನೆಲ್ ಹಾಕಿದರೂ ಹಳೆಯ ಲೋಗೋದ ನೆರಳು ಮೂಲೆಯಲ್ಲಿ ಹಾಗೇ ಇರುತ್ತಿತ್ತು. ಈಗಿನ ಒಎಲ್‌ಇಡಿ ಟಿವಿಗಳಲ್ಲೂ ಈ ಭಯ ಇದೆ. ಅದರಲ್ಲಿ ಪ್ರತಿ ಪಿಕ್ಸೆಲ್, ಅಂದರೆ ಚಿತ್ರದ ಒಂದೊಂದು ಚುಕ್ಕೆ, ತಾನೇ ಬೆಳಗುತ್ತದೆ, ಬೆಳಗಿದಷ್ಟೂ ಸವೆಯುತ್ತದೆ. ಲೋಗೋ ಇರುವ ಜಾಗದ ಪಿಕ್ಸೆಲ್‌ಗಳು ಬೇರೆಯವಕ್ಕಿಂತ ಬೇಗ ಸವೆದರೆ ಆ ಆಕಾರವೇ ಪರದೆಯಲ್ಲಿ ಅಚ್ಚಾಗಿ ಉಳಿಯುತ್ತದೆ. ಟಿವಿ ಪರೀಕ್ಷಿಸುವ ಆರ್‌ಟಿಂಗ್ಸ್ ಎಂಬ ಸಂಸ್ಥೆ 2018ರಲ್ಲಿ ಒಂದೇ ಮಾಡೆಲ್‌ನ ಆರು ಒಎಲ್‌ಇಡಿ ಟಿವಿ ತಂದು ದಿನಕ್ಕೆ 20 ಗಂಟೆ ಓಡಿಸಿತು. ಹೆಚ್ಚು ಬೆಳಕಿನಲ್ಲಿ ಸುದ್ದಿ ಚಾನೆಲ್ ಹಾಕಿದ್ದ ಟಿವಿಯಲ್ಲಿ ಪಟ್ಟಿಗಳೂ ಲೋಗೋವೂ ಅಚ್ಚಾದವು. ಒಂದೇ ಕಡೆ ನಿಲ್ಲುವ ಗುರುತುಗಳು ಕಡಿಮೆ ಇದ್ದ ಟಿವಿಗಳು ಬಹಳ ಕಾಲ ಚೆನ್ನಾಗಿದ್ದವು. ಮನೆಯಲ್ಲಿ ಯಾರೂ ದಿನಕ್ಕೆ 20 ಗಂಟೆ ಟಿವಿ ಹಾಕುವುದಿಲ್ಲ, ನಿಜ. ಆದರೂ ಕೆಂಪು ಬಣ್ಣದ ಗಟ್ಟಿ ಲೋಗೋ ವರ್ಷಗಟ್ಟಲೆ ಅದೇ ಮೂಲೆಯಲ್ಲಿದ್ದರೆ ಭಯ ಆಗುತ್ತದೆ. ಟಿವಿ ಮಾಡುವವರು ಲೋಗೋದ ಬೆಳಕು ತಗ್ಗಿಸಲೆಂದೇ ಒಂದು ಸೆಟ್ಟಿಂಗ್ ಕೊಡಬೇಕಾಗಿ ಬಂದಿದೆ. ಚಾನೆಲ್‌ಗಳು ಮಾಡುವ ಹಾನಿಗೆ ಟಿವಿ ಕಂಪನಿಗಳು ಔಷಧಿ ಹುಡುಕುತ್ತಿವೆ.

ಚಾನೆಲ್‌ನವರು ಮನಸ್ಸು ಮಾಡಿದರೆ ಇದು ಕಷ್ಟದ ಕೆಲಸವೇ ಅಲ್ಲ. ಪ್ರತಿ ಬ್ರೇಕ್ ಮುಗಿದ ಮೇಲೆ ಹತ್ತು ಸೆಕೆಂಡ್ ಲೋಗೋ ತೋರಿಸಿ, ಆಮೇಲೆ ತೆಗೆದುಬಿಡಿ. ಅದೂ ಆಗದಿದ್ದರೆ ಬಣ್ಣ ತೆಗೆದು, ಹಿಂದಿನ ಚಿತ್ರ ಕಾಣುವ ಹಾಗೆ ತೆಳು ಬೂದು ಮಾಡಿ, ಗಾತ್ರ ಅರ್ಧಕ್ಕೆ ಇಳಿಸಿ. ಬ್ಯಾನರ್ ಹಾಕಲೇಬೇಕು ಎಂದಿದ್ದರೆ ಸಬ್‌ಟೈಟಲ್ ಇರುವ ಜಾಗ ಬಿಟ್ಟು ಹಾಕಿ. ಕೊನೆಯ ಹೆಸರುಗಳನ್ನು ಪೂರ್ತಿ ಪರದೆಯಲ್ಲಿ ಬಿಡಿ. ಇಷ್ಟು ಮಾಡಿದರೆ ನಾನು ಸಂತೋಷದಿಂದ ಐದು ಸ್ಟಾರ್ ಕೊಡುತ್ತೇನೆ, ಯಾಕೆಂದರೆ ಇವರು ಆರಿಸುವ ಸಿನಿಮಾಗಳು ನಿಜವಾಗಿಯೂ ಚೆನ್ನಾಗಿವೆ.

ಈಗ ಇರುವ ಸ್ಥಿತಿಯಲ್ಲಿ, ಸುಮ್ನೆ ಹಿನ್ನೆಲೆಯಲ್ಲಿ ಟಿವಿ ಓಡಲಿ ಎನ್ನುವವರು ಈ ಚಾನೆಲ್ ಹಾಕಿಸಿಕೊಳ್ಳಬಹುದು. ದೀಪ ಆರಿಸಿ, ಮನಸ್ಸಿಟ್ಟು ಸಿನಿಮಾ ನೋಡುವವರಿಗೆ ಬೇಡ. ಒಎಲ್‌ಇಡಿ ಟಿವಿ ಇರುವವರು ಸೆಟ್ಟಿಂಗ್‌ನಲ್ಲಿ ಲೋಗೋ ಬೆಳಕು ತಗ್ಗಿಸುವ ಆಯ್ಕೆ ಇದೆಯೇ ನೋಡಿ, ಇದ್ದರೆ ಆನ್ ಮಾಡಿಕೊಳ್ಳಿ. ಚಿತ್ರವನ್ನು ಆಗಾಗ ಕೂದಲೆಳೆಯಷ್ಟು ಸರಿಸುವ ಪಿಕ್ಸೆಲ್ ಶಿಫ್ಟ್ ಕೂಡ ಆನ್ ಇರಲಿ. ಟಿವಿಯನ್ನು ಗೋಡೆಯ ಸ್ವಿಚ್‌ನಲ್ಲಿ ಆರಿಸಬೇಡಿ, ರಿಮೋಟಿನಿಂದಲೇ ಆರಿಸಿ, ಯಾಕೆಂದರೆ ಪರದೆಯನ್ನು ಸರಿಪಡಿಸಿಕೊಳ್ಳುವ ಕೆಲಸವನ್ನು ಅದು ಸ್ಟ್ಯಾಂಡ್‌ಬೈನಲ್ಲಿ ಇರುವಾಗ ಮಾಡಿಕೊಳ್ಳುತ್ತದೆ. ಮನೆಯಲ್ಲಿ ಸಬ್‌ಟೈಟಲ್ ಓದಿ ನೋಡುವವರು ಇದ್ದರೆ ಸಂಜೆಯ ಸಿನಿಮಾ ಬಿಟ್ಟು ರಾತ್ರಿ ಹನ್ನೊಂದರ ನಂತರದ್ದನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಿ. ಆ ಹೊತ್ತಿನಲ್ಲಿ ಕೆಳಗಿನ ಬ್ಯಾನರ್‌ಗಳು ಬಹಳ ಕಡಿಮೆ.